ನಿಷೇಧವಿಲ್ಲದೆಯೇ ಮಣಿಸುವ ಬಗೆ

ಸಿಂಗಪುರದಲ್ಲಿ ಪೀಪಲ್ಸ್ ಆ್ಯಕ್ಷನ್ ಪಾರ್ಟಿ 1959ರಿಂದ ಸತತವಾಗಿ ಅಧಿಕಾರದಲ್ಲಿದೆ. ವಿರೋಧ ಪಕ್ಷ ಕಟ್ಟಲು ಅಲ್ಲಿ ಅಡ್ಡಿಯಿಲ್ಲ, ಚುನಾವಣೆಯೂ ಕಾಲಕಾಲಕ್ಕೆ ನಡೆಯುತ್ತದೆ. ಆದರೂ 1968ರಿಂದ 1980ರವರೆಗಿನ ನಾಲ್ಕೂ ಸಾರ್ವತ್ರಿಕ ಚುನಾವಣೆಗಳಲ್ಲಿ ಎಲ್ಲ ಸ್ಥಾನಗಳೂ ಆಳುವ ಪಕ್ಷಕ್ಕೇ ಹೋದವು. ಸಂಸತ್ತನ್ನು ಬಹಿಷ್ಕರಿಸಿ ಹೊರನಡೆದ ಬಾರಿಸಾನ್ ಸೋಶಿಯಲಿಸ್ ಪಕ್ಷದ ಅವಿವೇಕ ಇದಕ್ಕೆ ಒಂದು ಕಾರಣ. ವಿಚಾರಣೆಯಿಲ್ಲದ ಬಂಧನ ಇನ್ನೊಂದು. ಅದೇ ಪಕ್ಷದ ಚಿಯಾ ತೈ ಪೋ 1966ರಲ್ಲಿ ಬಂಧಿತರಾಗಿ, ಒಮ್ಮೆಯೂ ನ್ಯಾಯಾಲಯದ ಕಟಕಟೆ ಹತ್ತದೆ, 1989ರವರೆಗೆ ಸೆರೆಯಲ್ಲಿದ್ದರು.

ಎಂಬತ್ತರ ದಶಕದಿಂದ ಸೆರೆಮನೆಗಿಂತ ನ್ಯಾಯಾಲಯವೇ ಹೆಚ್ಚು ಬಳಕೆಗೆ ಬಂತು. ವರ್ಕರ್ಸ್ ಪಾರ್ಟಿಯ ಜೆ.ಬಿ. ಜೆಯರತ್ನಂ 1981ರ ಉಪಚುನಾವಣೆಯಲ್ಲಿ ಆನ್ಸನ್ ಕ್ಷೇತ್ರ ಗೆದ್ದು ಆ ಏಕಪಕ್ಷೀಯ ಸಂಸತ್ತನ್ನು ಹೊಕ್ಕರು. ಪಕ್ಷದ ಲೆಕ್ಕಪತ್ರದ ಬಗ್ಗೆ ಸುಳ್ಳು ಘೋಷಣೆ ಮಾಡಿದರೆಂಬ ಮೊಕದ್ದಮೆಯಲ್ಲಿ ಮೊದಲ ನ್ಯಾಯಾಧೀಶರು ಅವರನ್ನು ಬಹುಪಾಲು ಖುಲಾಸೆಗೊಳಿಸಿದ್ದರು. ಮೇಲ್ಮನವಿ, ಮರುವಿಚಾರಣೆಗಳ ಬಳಿಕ 1986ರಲ್ಲಿ ಒಂದು ತಿಂಗಳ ಸಜೆ ಮತ್ತು 5,000 ಡಾಲರ್ ದಂಡ ಕಾಯಂ ಆಯಿತು. ಇಲ್ಲಿ ಗಮನಿಸಬೇಕಾದದ್ದು ಸಜೆಯನ್ನಲ್ಲ, ದಂಡದ ಮೊತ್ತವನ್ನು. 2,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ದಂಡ ಬಿದ್ದರೆ ಸಂಸದರು ಸ್ಥಾನ ಕಳೆದುಕೊಂಡು, ಐದು ವರ್ಷ ಸ್ಪರ್ಧಿಸುವಂತಿಲ್ಲ ಎಂಬುದು ಆಗಿನ ಸಂವಿಧಾನದ ನಿಯಮ. ವಕೀಲಿ ಸನ್ನದೂ ಹೋಯಿತು. 1988ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಮರಳಿ ಕೊಡಿಸಿ, ಅವರಿಗೆ ಘೋರ ಅನ್ಯಾಯವಾಗಿದೆ ಎಂದಿತು. ಶಿಕ್ಷೆಯ ಕಲೆ ಮಾತ್ರ ಅಳಿಯಲಿಲ್ಲ. ಕ್ಷಮಾದಾನದ ಕೋರಿಕೆ ತಿರಸ್ಕೃತವಾಯಿತು. ಮರುವರ್ಷವೇ ಪ್ರಿವಿ ಕೌನ್ಸಿಲ್‌ಗೆ ಹೋಗುವ ದಾರಿ ಕಿರಿದಾಯಿತು, 1994ರಲ್ಲಿ ಪೂರ್ತಿ ಮುಚ್ಚಿತು.

ಮುಂದಿನ ಅಸ್ತ್ರ ಮಾನನಷ್ಟ ಮೊಕದ್ದಮೆ. ಪ್ರಾಮಾಣಿಕತೆಯೇ ಆಡಳಿತದ ಬಂಡವಾಳವಾಗಿರುವಾಗ ಆಧಾರವಿಲ್ಲದ ಆರೋಪವನ್ನು ಸಹಿಸಲಾಗದು ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಪರಿಹಾರದ ಮೊತ್ತ ಆರೋಪಿಸಿದವರನ್ನು ದಿವಾಳಿ ಎಬ್ಬಿಸುವಷ್ಟಿದ್ದರೆ, ದಿವಾಳಿಯಾದವರಿಗೆ ಸಂಸತ್ತಿನ ಬಾಗಿಲು ಮುಚ್ಚಿದ್ದರೆ, ಉಳಿಯುವುದು ಮಾನದ ಪ್ರಶ್ನೆಯಷ್ಟೇ ಅಲ್ಲ. ಪರಿಹಾರದ ಕಂತು ಕಟ್ಟಲಾಗದೆ ಜೆಯರತ್ನಂ 2001ರಲ್ಲಿ ದಿವಾಳಿಯಾದರು. ಸಿಂಗಪುರ್ ಡೆಮಾಕ್ರಟಿಕ್ ಪಾರ್ಟಿಯ ಚೀ ಸೂನ್ ಜುವಾನ್ ಇಬ್ಬರು ಮಾಜಿ ಪ್ರಧಾನಿಗಳಿಗೆ 5 ಲಕ್ಷ ಡಾಲರ್ ಕೊಡಲಾಗದೆ 2006ರಲ್ಲಿ ಅದೇ ಹಾದಿ ಹಿಡಿದರು. 2012ರಲ್ಲಿ 30,000 ಡಾಲರ್‌ಗೆ ರಾಜಿಯಾಯಿತು. ದೊಡ್ಡ ಪಕ್ಷದಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ. ಸಣ್ಣ ಪಕ್ಷವೆಂದರೆ ಹೆಚ್ಚಾಗಿ ಬೆರಳೆಣಿಕೆಯ ಜನ. ಒಬ್ಬರ ಮನೆ ಮುರಿದರೆ ಪಕ್ಷವೇ ಕುಂಟುತ್ತದೆ, ಜೊತೆಗೆ ಸೇರಬೇಕೆಂದಿದ್ದವರೂ ಹಿಂದೆ ಸರಿಯುತ್ತಾರೆ.

ಮತದಾರರಿಗೂ ಬಿಸಿ ತಟ್ಟಿತು. ಜನಸಂಖ್ಯೆಯ ಬಹುಪಾಲು ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟ್‌ಗಳಲ್ಲಿರುವ ದೇಶದಲ್ಲಿ, ತಮ್ಮನ್ನು ಬೆಂಬಲಿಸಿದ ಬಡಾವಣೆಗಳ ನವೀಕರಣಕ್ಕೇ ಆದ್ಯತೆ ಎಂದು ಪ್ರಧಾನಿ ಗೋ ಚೋಕ್ ಟೋಂಗ್ 1997ರ ಚುನಾವಣೆಯಲ್ಲಿ ನೇರವಾಗಿಯೇ ಹೇಳಿದರು. ಎಸ್.ಎಂ. ಕೃಷ್ಣ ಅವರ ಕಾಲದಿಂದ ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡುತ್ತ ಬಂದವರು ಈ ಸಿಂಗಪುರವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಈಚೆಗೆ ಬಿಗಿ ಸ್ವಲ್ಪ ಸಡಿಲಿದೆ. 2020ರಲ್ಲಿ ವರ್ಕರ್ಸ್ ಪಾರ್ಟಿ ಹತ್ತು ಸ್ಥಾನ ಗೆದ್ದಾಗ ಪ್ರೀತಮ್ ಸಿಂಗ್ ಅವರಿಗೆ ವಿರೋಧ ಪಕ್ಷದ ನಾಯಕ ಎಂಬ ಅಧಿಕೃತ ಸ್ಥಾನ ಸಿಕ್ಕಿತು. ಸಂಸದೀಯ ಸಮಿತಿಯ ಮುಂದೆ ಸುಳ್ಳು ಹೇಳಿದರೆಂದು 2025ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅವರಿಗೆ ಎರಡು ಆರೋಪಗಳಲ್ಲಿ ತಲಾ 7,000 ಡಾಲರ್ ದಂಡ ಹಾಕಿತು. ಪ್ರತಿ ಆರೋಪಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕುವ ಅನರ್ಹತೆಯ ಮಿತಿ 2022ರಲ್ಲಿ 10,000 ಡಾಲರ್‌ಗೆ ಏರಿದ್ದರಿಂದ ಅವರ ಸಂಸತ್ ಸ್ಥಾನ ಉಳಿಯಿತು. ಹಳೆಯ ಮಿತಿಯೇ ಇದ್ದಿದ್ದರೆ, ಅದೇ ಮೇ ತಿಂಗಳ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸ್ಪರ್ಧಿಸುವಂತೆಯೇ ಇರಲಿಲ್ಲ.