ಕಿವಿ ಕಿತ್ತ ಮೈಕುಗಳು

ಹಳೆಯ ಧ್ವನಿಗ್ರಾಹಕಗಳನ್ನು, ಅಂದರೆ ನಾವೆಲ್ಲ ಮೈಕೆಂದು ಕರೆಯುವ ಉಪಕರಣಗಳನ್ನು, ಸಂಗ್ರಹಿಸುವ ಹವ್ಯಾಸವು ಅಮೆರಿಕ, ಇಂಗ್ಲೆಂಡುಗಳಲ್ಲಿ ಬೇರೂರಿದೆ. ಹವ್ಯಾಸವೇನೋ ಸ್ತುತ್ಯವೇ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಅಲ್ಲಿ ನಡೆಯುವ ಒಂದು ಅನಾಚಾರವನ್ನು ಖಂಡಿಸದೆ ಇರಲಾಗದು. 1930ರ ದಶಕದ ಮೈಕೊಂದನ್ನು ಕೊಳ್ಳುವುದು, ಅದರ ಒಡಲನ್ನು ಬಗೆದು ಒಳಗಿನ ಭಾಗಗಳನ್ನು ಕಸಕ್ಕೆಸೆಯುವುದು, ಕವಚಕ್ಕೆ ಹೊಸ ಕ್ರೋಮಿಯಂ ಲೇಪಿಸುವುದು, ಒಳಗೊಂದು ವಿದ್ಯುದ್ದೀಪವನ್ನೋ ಇಂದಿನ ಅಗ್ಗದ ಮೈಕಿನ ತಲೆಯನ್ನೋ ತುರುಕುವುದು, ಇದು ಜೀರ್ಣೋದ್ಧಾರವಂತೆ! ಗರ್ಭಗುಡಿಯ ಮೂರ್ತಿಯನ್ನು ಕಿತ್ತೆಸೆದು ಗೋಪುರಕ್ಕೆ ಬಣ್ಣ ಬಳಿದವನನ್ನು ನಾವು ಏನೆಂದು ಕರೆಯುತ್ತೇವೆ?

ಅವರ ವಾದವಿಷ್ಟೆ: ಈ ಮೈಕುಗಳ ಬೆಲೆಯಿರುವುದು ರೂಪದಲ್ಲಿ, 1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರು ಪಡೆದ ಆರ್ಟ್ ಡೆಕೊ ಶೈಲಿಯ ಆ ಗೆರೆಗಳಲ್ಲಿ, ಆ ಹೊಳಪಿನಲ್ಲಿ, ಒಳಗೇನಿದ್ದರೇನು?

ಒಳಗಿರುವುದಕ್ಕೂ ಹೊರಗಿನ ರೂಪಕ್ಕೂ ಸಂಬಂಧವಿಲ್ಲವೆಂದು ಇವರಿಗೆ ಹೇಳಿದವರಾರು? ಆರ್.ಸಿ.ಎ. 44 ಎಂಬ ಮೈಕನ್ನು ನೋಡಿರಿ. ಹ್ಯಾರಿ ಓಲ್ಸನ್‌ನ ಸಂಶೋಧನೆಯ ಫಲವದು. ಅದರೊಳಗೆ ಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಅಲ್ಯೂಮಿನಿಯಂ ಪಟ್ಟಿಯೊಂದು ತೂಗುತ್ತದೆ. ಅದು ಸುಮಾರಾಗಿ ಮಿಲಿಮೀಟರಿನ 500ರಲ್ಲಿ ಒಂದು ಪಾಲಿನಷ್ಟು ತೆಳುವು. ಮಾತಿನಿಂದ ಗಾಳಿ ಅಲುಗಿದಂತೆ ಪಟ್ಟಿಯೂ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. (ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಮೈಕಿಗೆ ‘ಉಫ್’ ಎಂದು ಊದಿ ಪರೀಕ್ಷಿಸುವವರ ಕೈಗೆ ಇದು ಸಿಗದಿರಲಿ, ಆ ಒಂದೇ ಉಸಿರಿಗೆ ಪಟ್ಟಿ ಹರಿದೀತು.) ಹಿಂದೆ ಮುಂದೆ ಎರಡೂ ಕಡೆಯಿಂದ ಗಾಳಿ ಆಡಬೇಕೆಂದೇ ಎರಡೂ ಕಡೆ ರಂಧ್ರಗಳ ಜಾಲರಿ. ಆದ್ದರಿಂದಲೇ ರೇಡಿಯೋ ನಾಟಕದ ಇಬ್ಬರು ನಟರು ಅದರ ಆಚೆಗೊಬ್ಬರು ಈಚೆಗೊಬ್ಬರು ನಿಂತು ಮುಖಾಮುಖಿ ಸಂಭಾಷಿಸಬಹುದಾಗಿತ್ತು. ಒಂದೇ ಕಡೆ ಕೇಳುವ ತಲೆಯನ್ನು ಇದರೊಳಗೆ ತುರುಕಿದರೆ ಹಿಂಬದಿಯ ಜಾಲರಿ ಶುದ್ಧ ಸುಳ್ಳಾಗುತ್ತದೆ.

1939ರ ಶೂರ್ 55 ಯೂನಿಡೈನ್ ಮೈಕಿನ ಪಾಡು ಇನ್ನೂ ಕರುಣಾಜನಕ. ಮೋಟಾರು ಕಾರಿನ ಮುಂಭಾಗದ ಜಾಲರಿಯನ್ನು ಹೋಲುವ, ಗಾಯಕ ಎಲ್ವಿಸ್ ಪ್ರೀಸ್ಲಿಯ ಹೆಸರಿನೊಡನೆ ಬೆರೆತುಹೋದ ಮೈಕು ಅದು. ಹಿಂದಿನಿಂದ ಬಂದ ಸದ್ದು ಕಂಪಿಸುವ ಪೊರೆಯ ಎರಡು ಮುಖಗಳನ್ನೂ ಏಕಕಾಲಕ್ಕೆ ತಲುಪಿ ತಾನೇ ಅಳಿದುಹೋಗುವಂತೆ, ಒಂದೇ ಪೊರೆಯಿಂದ, ಬೆಂಜಮಿನ್ ಬಾವರ್ ಸಾಧಿಸಿದನು. ಧ್ವನಿವರ್ಧಕಗಳ ಕಿರಿಚಾಟವನ್ನು ತಗ್ಗಿಸಿದ ಆ ಜಾಣ್ಮೆಯನ್ನೇ ಕಿತ್ತು ಬಿಸುಟು, ಬರಿಯ ತಗಡನ್ನು ಮೇಜಿನ ಮೇಲಿಟ್ಟು ಬೀಗುವುದೇ?

‘ಹಳೆಯ ಭಾಗಗಳು ಸತ್ತಿರುತ್ತವೆ’ ಎನ್ನುವರು. ಅನೇಕವು ಸತ್ತಿರುವುದಿಲ್ಲ. ಹರಿದ ಪಟ್ಟಿಯ ಬದಲು ಹೊಸದನ್ನು ಮಡಿಕೆ ಹಾಕಿ, ತಕ್ಕ ಬಿಗಿಯಲ್ಲಿ ಕೂಡಿಸುವ ಕುಶಲಿಗಳು ಇಂದಿಗೂ ಇದ್ದಾರೆ. ಸೊರಗಿದ ಅಯಸ್ಕಾಂತಕ್ಕೆ ಮತ್ತೆ ಕಾಂತಶಕ್ತಿ ತುಂಬಬಹುದು. ಕ್ರೋಮಿಯಂ ವಿಷಯದಲ್ಲಿಯೂ ಅವಸರ ಬೇಡ: ಲೇಪನಕ್ಕೆ ಮುನ್ನ ಕವಚವನ್ನು ಉಜ್ಜಿದಾಗ ಗೆರೆಗಳ ಅಂಚು ಸವೆದು ಮೊಂಡಾಗುತ್ತದೆ, ಯಾವ ರೂಪಕ್ಕಾಗಿ ಇವರು ಪ್ರಾಣ ಬಿಡುವರೋ ಆ ರೂಪವೇ ಕರಗುತ್ತದೆ.

ನಿಜವಾಗಿ ಸತ್ತವೂ ಉಂಟು. 1933ರ ಅಸ್ಟಾಟಿಕ್ ಡಿ-104ರಂಥ ಮೈಕುಗಳಲ್ಲಿದ್ದ ರೋಷೆಲ್ ಲವಣದ ಹರಳು ಬಿಸಿಲಿಗೂ ತೇವಕ್ಕೂ ಕೆಡುತ್ತದೆ. ಕೆಟ್ಟಮೇಲೆ ಬದಲಿಸದೆ ಗತಿಯಿಲ್ಲ. ಬದಲಿಸಲಿ. ಆದರೆ ತೆಗೆದುದನ್ನು ಎಸೆಯದೆ ಪೊಟ್ಟಣ ಕಟ್ಟಿ ಮೈಕಿನ ಜೊತೆಗಿಡಲಿ. ಏನು ತೆಗೆದೆ, ಏನು ಹಾಕಿದೆ, ಯಾವ ವರ್ಷ ಎಂಬುದನ್ನು ಚೀಟಿಯಲ್ಲಿ ಬರೆದಿಡಲಿ. ಚೀಟಿಯಿಲ್ಲದೆ ‘ಅಸಲು’ ಎಂದು ಮಾರುವವನಿಂದ ಯಾರೂ ಕೊಳ್ಳದಿರಲಿ.