ಕುಳಿತ ಜಾಗಕ್ಕೆ ಕಾಫಿಯ ಬಾಡಿಗೆ

2020ರ ಕೊರೊನಾ ಕಾಲದಿಂದೀಚೆಗೆ ದೂರದ ನಗರಗಳ ಕಂಪನಿ ಕೆಲಸವನ್ನು ಊರಿನಿಂದಲೇ ಮಾಡುವ ಪದ್ಧತಿ ದೇವದುರ್ಗ, ಮಾನ್ವಿಗಳ ಮನೆಗಳಿಗೂ ಬಂದಿದೆ. ಮನೆಯಲ್ಲಿ ಬಿಸಿಲಿನ ಧಗೆ, ವಿದ್ಯುತ್ ಕಡಿತ, ಬಂದುಹೋಗುವವರ ಗದ್ದಲ. ಆದಕಾರಣ ತರುಣ ತರುಣಿಯರು ರಾಯಚೂರಿನ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವುದುಂಟು. ಇದನ್ನು ಕಾಲಹರಣವೆಂದು ಹಿರಿಯರು ಹಳಿಯಬಾರದು, ಅದೂ ಕಾಯಕವೇ. ಆದರೆ ಕಾಯಕಕ್ಕೆ ಕಾಯವೇ ಆಧಾರ.

ಕುಳಿತ ಜಾಗದ ಬಾಡಿಗೆಯೆಂಬಂತೆ ಮತ್ತೆ ಮತ್ತೆ ಕಾಫಿ ತರಿಸುವುದೇ ಇಲ್ಲಿನ ತೊಡಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯು ಕೆಫೀನನ್ನು ದಿನಕ್ಕೆ 300 ಮಿಲಿಗ್ರಾಂಗೆ ಮಿತಿಗೊಳಿಸುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಮೂರನೆಯ ಕಪ್ ಕಾಫಿಗೇ ಮಿತಿ ತುಂಬಬಹುದು. ಊಟದ ಹಿಂದುಮುಂದಿನ ಒಂದು ಗಂಟೆಯೊಳಗೆ ಕುಡಿದರೆ ಅದರಲ್ಲಿರುವ ಟ್ಯಾನಿನ್, ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸರಿಯಾಗಿ ದಕ್ಕಗೊಡದು. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸಂಜೆಯ ಕಾಫಿಯಂತೂ ರಾತ್ರಿಯ ನಿದ್ರೆಯನ್ನೇ ಕೆಡಿಸುತ್ತದೆ.

ಜಾಗದ ಬಾಡಿಗೆಯನ್ನು ಆರೋಗ್ಯದಿಂದ ತೆರಬೇಕಾಗಿಲ್ಲ. ಎರಡು ಕಪ್ಪಿನ ಬಳಿಕ ಮಜ್ಜಿಗೆಯನ್ನೋ ಸಕ್ಕರೆಯಿಲ್ಲದ ನಿಂಬೆ ನೀರನ್ನೋ ಕೇಳಿರಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಹಿರಿಯರಿಗೂ ಹೊಣೆಯಿದೆ. ದೇವದುರ್ಗ, ಮಾನ್ವಿಗಳ ಗ್ರಂಥಾಲಯಗಳಲ್ಲಿ, ಹಗಲು ತೆರವಾಗಿರುವ ಸಮುದಾಯ ಭವನಗಳಲ್ಲಿ ಒಂದು ಮೇಜು, ಫ್ಯಾನ್, ಇಂಟರ್‌ನೆಟ್, ಕುಡಿಯುವ ನೀರು ಒದಗಿಸಿದರೆ ಈ ಮಕ್ಕಳು ಕಾಫಿ ಕೊಂಡು ಜಾಗ ಪಡೆಯಬೇಕಾಗದು. ಅನ್ನದಾಸೋಹವನ್ನು ನಡೆಸಿಕೊಂಡು ಬಂದ ಭಕ್ತರಿಗೆ ಈ ನೆರಳಿನ ದಾಸೋಹ ಭಾರವಲ್ಲ.