ತೆರೆದ ಬಾಗಿಲಿನ ಮನೆ

ಹರೆಯದ ಮಕ್ಕಳ ಕೈಯಲ್ಲಿ ಕಾದಂಬರಿಯನ್ನು ಕಂಡಾಗ ಹಿರಿಯರಿಗೆ ಎಂದಿನಿಂದಲೂ ಒಂದು ಅಳುಕು. ಅದರಲ್ಲಿ ಮನೆಯೊಳಗಿನ ಕಲಹವೂ ಪ್ರೇಮವೂ ಕೂಡಿದ್ದರಂತೂ ಪಾಠದ ಪುಸ್ತಕವನ್ನು ಓದೆಂದು ಗದರುವುದು ವಾಡಿಕೆ. ಆದರೆ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಕೃತಿಯೇ ಅಂತಹ ಕಥೆಯೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆದಿದ್ದೇವೆ?

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ ಪ್ರಕಟವಾದುದು 1899ರಲ್ಲಿ, ಮಂಗಳೂರಿನಲ್ಲಿ. ಆಗ ನಮ್ಮ ಕಾಸರಗೋಡು, ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ 1ರಂದು ಗಡಿ ನಡುವೆ ಬಂದಿತಾದರೂ ಈ ಪುಸ್ತಕದ ಜಗಲಿ, ಚಾವಡಿ, ಹಿತ್ತಿಲುಗಳು ನಮ್ಮವೇ. ರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಮನೆಗಳ ಒಳಗುಟ್ಟನ್ನು ಬಲ್ಲವರು.

ಕಥೆ ಹೀಗಿದೆ. ಇಂದಿರೆ ಎಳೆಯ ವಯಸ್ಸಿನ ವಿಧವೆ. ತಂದೆ ಭೀಮರಾಯ ಲಂಚದಿಂದ ಸಿರಿವಂತನಾದವನು, ತಾಯಿ ಅಂಬಾಬಾಯಿ. ಭಕ್ತಿಯ ವೇಷ ತೊಟ್ಟ ‘ಸಂತಮಂಡಳಿ’ಯ ಹಿಡಿತದಲ್ಲಿರುವ ಆ ಮನೆಯಲ್ಲಿ, ಮಗಳೂ ಆ ಸಂತರ ಸೇವೆಯಲ್ಲಿ ಬಾಳು ಸವೆಸಬೇಕೆಂಬುದು ಹೆತ್ತವರ ಇಚ್ಛೆ. ಆ ಸಂತರ ನಡತೆಯಾದರೋ ಶುದ್ಧವಲ್ಲ. ಇಂದಿರೆ ತೌರಿನ ಹೊಸ್ತಿಲನ್ನು ದಾಟಿ ಅಮೃತರಾಯರ ಮನೆಯನ್ನು ಸೇರುತ್ತಾಳೆ. ಅಲ್ಲಿ ಆಕೆಗೆ ಆಶ್ರಯದೊಡನೆ ವಿದ್ಯೆಯೂ ದೊರೆಯುತ್ತದೆ. ಅದೇ ಅಮೃತರಾಯರ ನೆರವಿನಿಂದ ಓದಿ, ಇಂಗ್ಲೆಂಡಿಗೆ ಹೋಗಿ ಬಂದ ಭಾಸ್ಕರನೊಡನೆ ಕೊನೆಗೆ ಅವಳ ವಿವಾಹ ನಡೆಯುತ್ತದೆ.

ವಿಧವಾ ಪುನರ್ವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಸಮ್ಮತಿ ದೊರೆತಿತ್ತು. ಆದರೆ ಕಾನೂನು ಕಾಗದದಲ್ಲಿತ್ತು, ಕಟ್ಟಳೆ ಮನೆಯಲ್ಲಿತ್ತು. ಕಡಲು ದಾಟಿದವನಿಗೂ ವಿಧವೆಯನ್ನು ವರಿಸಿದವನಿಗೂ ಬಹಿಷ್ಕಾರದ ಭೀತಿಯಿದ್ದ ಕಾಲವದು. ಅಂದು ಇಂತಹ ಮದುವೆಯನ್ನು ಕಥೆಯಲ್ಲಿ ಮಾಡಿಸುವುದಕ್ಕೂ ಎದೆಗಾರಿಕೆ ಬೇಕಾಗಿತ್ತು.

ಇಂದು ಈ ಕೃತಿಯನ್ನು ಓದುವವರು ಇಂದಿರೆಯ ಧೈರ್ಯವನ್ನು ಕೊಂಡಾಡುತ್ತಾರೆ, ಕೊಂಡಾಡತಕ್ಕದ್ದೇ. ನಮ್ಮ ಮನಸ್ಸು ಮಾತ್ರ ಅಮೃತರಾಯರ ಬಾಗಿಲಲ್ಲಿ ನಿಲ್ಲುತ್ತದೆ. ಆ ಬಾಗಿಲು ಮುಚ್ಚಿದ್ದರೆ ಇಂದಿರೆಯ ಧೈರ್ಯ ಎಲ್ಲಿಗೆ ಹೋಗುತ್ತಿತ್ತು? ಬಾವಿಯ ಕಟ್ಟೆಗೋ, ಬೀದಿಯ ಪಾಲಿಗೋ? ಹುಟ್ಟಿದ ಮನೆ ಒಡೆದಾಗ ಎಳೆಯ ಜೀವಕ್ಕೆ ಬೇಕಾಗುವುದು ಇನ್ನೊಂದು ಮನೆ. ‘ಮೊದಲು ಕೈಕಾಲು ತೊಳೆದು ಉಣ್ಣು, ಮಾತು ಆಮೇಲೆ’ ಎನ್ನಬಲ್ಲ ಒಬ್ಬ ಹಿರಿಯರು.

ಪ್ರೇಮದ ವಿಷಯದಲ್ಲಿಯೂ ರಾಯರ ಕ್ರಮ ಗಮನಾರ್ಹ. ಇಂದಿರೆ ಮೊದಲು ಓದುತ್ತಾಳೆ. ಮದುವೆ ಆಮೇಲೆ ಬರುತ್ತದೆ. ತೌರನ್ನು ತೊರೆದುದು ತನ್ನ ಮಾನ ಉಳಿಸಿಕೊಳ್ಳಲು; ಭಾಸ್ಕರನ ಕೈ ಹಿಡಿಯುವ ಹೊತ್ತಿಗೆ ಅವಳು ತನ್ನ ಕಾಲ ಮೇಲೆ ನಿಂತ ಹೆಣ್ಣು. ಮನೆಯ ಬೇಗೆಯನ್ನು ತಾಳಲಾರದೆ ಮೊದಲು ಕಂಡ ಆಸರೆಯನ್ನೇ ಪ್ರೇಮವೆಂದು ತಿಳಿಯುವ ಮಕ್ಕಳಿಗೆ ಇದಕ್ಕಿಂತ ಹಿತವಾದ ಪಾಠ ಬೇಕೆ?

ಕೃತಿಯಲ್ಲಿ ಕುಂದಿಲ್ಲವೆಂದು ನಾವು ಹೇಳೆವು. ಒಳ್ಳೆಯವರೂ ಕೆಟ್ಟವರೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಬೇರೆಬೇರೆಯಾಗಿಯೇ ಕುಳಿತಿದ್ದಾರೆ. ‘ಸದ್ಧರ್ಮವಿಜಯ’ವೆಂಬ ಹೆಸರೇ ಕೊನೆಯನ್ನು ಮೊದಲೇ ಹೇಳಿಬಿಡುತ್ತದೆ. ಬಾಳಿನಲ್ಲಿ ತಂದೆತಾಯಿಯರು ಭೀಮರಾಯನಷ್ಟು ಕೆಟ್ಟವರಾಗಿರುವುದು ಅಪರೂಪ. ಮಕ್ಕಳ ಸಂಕಟ ಬಿಗಿಯಾಗುವುದೂ ಆದುದರಿಂದಲೇ. ಆದರೂ 1903ರಲ್ಲಿ ಕೌಚ್‌ಮನ್ ಎಂಬ ಅಧಿಕಾರಿಯಿಂದ ಇಂಗ್ಲಿಷಿಗೆ ಬಂದ ಈ ಕಥೆ, 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರಿಂದ ಮತ್ತೊಮ್ಮೆ ಅನುವಾದಗೊಂಡಿತೆಂದರೆ ಅದರ ತ್ರಾಣ ಎಷ್ಟೆಂದು ತಿಳಿಯಬಹುದು.

ಗಡಿಯಾಚೆಗಿನ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಶಾಲೆಯ ಮಾತೊಂದು, ಅಡುಗೆಮನೆಯ ಮಾತೊಂದು. ಮನಸ್ಸಿನ ಸಂಕಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳಬೇಕೆಂದು ತಿಳಿಯದೆ ಅವರು ಮೌನವಾಗುವುದುಂಟು. ಈ ಪುಸ್ತಕವನ್ನು ಮಗಳಿಗೆ ಕೊಡಿರಿ, ಮಗನಿಗೂ ಕೊಡಿರಿ. ಸಾಧ್ಯವಾದರೆ ಜೊತೆಯಲ್ಲಿ ಕುಳಿತು ಓದಿರಿ. ಬಳಿಕ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳೋಣ: ನೆರೆಮನೆಯ ಇಂದಿರೆಯೊಬ್ಬಳು ಮುಸ್ಸಂಜೆಯಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತರೆ, ನಾವು ದೀಪ ಹಿಡಿದು ಹೊರಗೆ ಬರುವೆವೋ, ಅಗಳಿ ಹಾಕುವೆವೋ?